ಇಬ್ನ್ ಖಲ್ದೂನ್: ಚೌಕಟ್ಟಿನೊಳಗಿನ ಮುಖ

ಪೇಟ, ಗಡ್ಡ, ಗಂಭೀರ ದೃಷ್ಟಿ. ಅರ್ಥಶಾಸ್ತ್ರದ ಆದ್ಯ ಚಿಂತಕರಲ್ಲೊಬ್ಬರಾದ ಇಬ್ನ್ ಖಲ್ದೂನರ ಮುದ್ರಿತ ಚಿತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೇರಿಸುವವರಿದ್ದಾರೆ. ಆದರೆ ಅವರನ್ನು ಕಣ್ಣಾರೆ ಕಂಡು ಬರೆದ ಯಾವ ಚಿತ್ರವೂ ಉಳಿದುಬಂದಿಲ್ಲ. ಟ್ಯುನಿಸ್ ನಗರದ ಪ್ರತಿಮೆಯಾಗಲಿ, ಟ್ಯುನೀಶಿಯದ ಹಿಂದಿನ 10 ದಿನಾರ್ ನೋಟೊಂದರ ಮೇಲಿದ್ದ ಮುಖವಾಗಲಿ ಕಲಾವಿದರ ಕಲ್ಪನೆಯೇ.

ಕಾಲದಿಂದ ಅವರು ನಮಗೆ ಅಪರಿಚಿತರಲ್ಲ. 1332ರಲ್ಲಿ ಟ್ಯುನಿಸ್‌ನಲ್ಲಿ ಜನಿಸಿದ ಅವರಿಗೆ ಹದಿನೈದು ವರ್ಷವಾಗಿದ್ದಾಗ ದಖ್ಖನ್ನಿನಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಕಲಬುರಗಿ ಅದರ ರಾಜಧಾನಿಯಾಯಿತು. ಅಬ್ಬೆತುಮಕೂರು, ಯಾದಗಿರಿಯ ಈ ಸೀಮೆಗೆ ಅದು ನೆರೆಯ ಊರು. 1406ರಲ್ಲಿ ಅವರು ಕೈರೋದಲ್ಲಿ ನಿಧನರಾದಾಗ ಇಲ್ಲಿ ಫಿರೋಜ್ ಷಾ ಆಳುತ್ತಿದ್ದನು.

1377ರಲ್ಲಿ ಅಲ್ಜೀರಿಯದ ಕೋಟೆಯೊಂದರಲ್ಲಿ ಕುಳಿತು ಅವರು 'ಮುಕದ್ದಿಮಾ'ದ ಮೊದಲ ಕರಡನ್ನು ಐದು ತಿಂಗಳಲ್ಲಿ ಮುಗಿಸಿದರು. ರಾಜವಂಶದ ಆರಂಭದಲ್ಲಿ ತೆರಿಗೆಯ ದರ ಕಡಿಮೆ, ಆದಾಯ ಹೆಚ್ಚು. ಅಂತ್ಯದಲ್ಲಿ ದರ ಹೆಚ್ಚು, ಆದಾಯ ಕಡಿಮೆ ಎಂದು ಅದರಲ್ಲಿ ವಿವರಿಸಿದರು. ಕಾರಣ ಸರಳ: ಝಕಾತ್, ಖರಾಜ್‌ನಂತಹ ಧರ್ಮಸಮ್ಮತ ತೆರಿಗೆಗಳಿಗೆ ಮಿತಿಯಿದೆ, ಆಸ್ಥಾನದ ಭೋಗಕ್ಕೆ ಮಿತಿಯಿಲ್ಲ. ಹೊರೆ ಹೆಚ್ಚಿದಂತೆ ದುಡಿಯುವವನ ಉತ್ಸಾಹ ಕುಂದುತ್ತದೆ. ಉಳುವುದೂ ವ್ಯಾಪಾರವೂ ನಿಲ್ಲುತ್ತವೆ. ಅರಸನೇ ವ್ಯಾಪಾರಕ್ಕಿಳಿದರೆ ಪ್ರಜೆಗಳಿಗೆ ಇನ್ನಷ್ಟು ಹಾನಿ ಎಂದೂ ಅವರು ಎಚ್ಚರಿಸಿದರು. ಚಿತ್ರವನ್ನು ತೂಗುಹಾಕಿದ ಎಷ್ಟು ಮನೆಗಳಲ್ಲಿ ಈ ಪುಟಗಳನ್ನು ತೆರೆದಿರಬಹುದು?

ಅವರ ನಿಜವಾದ ಗುರುತು ಬೇಕೆಂದರೆ ಇಸ್ತಾಂಬುಲ್‌ನ ಆತಿಫ್ ಎಫೆಂದಿ ಸಂಗ್ರಹದ 'ಮುಕದ್ದಿಮಾ' ಹಸ್ತಪ್ರತಿಯನ್ನು ನೋಡಬೇಕು. ಅದರ ಮೇಲೆ ಮಗ್ರಿಬಿ ಲಿಪಿಯಲ್ಲಿ ಅವರ ಸ್ವಹಸ್ತದ ಕೆಲವು ಸಾಲುಗಳಿವೆ.