ಮಂಗನ ಕಾಯಿಲೆಯ ವೈರಸ್ಸಿನ ವಂಶಾವಳಿ: ಒಂದು ಚಾರಿತ್ರಿಕ ವಿಚಾರ

ರೋಗಾಣುಗಳ ಕುಲಭೇದವನ್ನು ವಿಚಾರಿಸುವುದು ಜೀವವಿಜ್ಞಾನಿಗಳ ಕೆಲಸವೆಂದು ಇತಿಹಾಸದ ಅಧ್ಯಾಪಕರಾದ ನಾವು ಸುಮ್ಮನಿರುವುದುಂಟು. ಆದರೆ ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮಟ್ಟಿಗೆ ಅದು ಕಾಲನಿರ್ಣಯದ ಪ್ರಶ್ನೆಯೂ ಆಗಿದೆ. ಲಿಪಿಯ ಸ್ವರೂಪದಿಂದ ಶಾಸನದ ಕಾಲವನ್ನು ಊಹಿಸುವಂತೆ, ಜೀನುಗಳ ವ್ಯತ್ಯಾಸದಿಂದ ವೈರಸ್ಸಿನ ಕಾಲವನ್ನು ಈಗ ಊಹಿಸುತ್ತಾರೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದುವು. ಸುತ್ತಣ ಹಳ್ಳಿಗರು ಜ್ವರದಿಂದ ನರಳಿದರು. ಹಳದಿ ಜ್ವರವೇ ಭಾರತವನ್ನು ಹೊಕ್ಕಿತೋ ಎಂಬ ಶಂಕೆ ಮೊದಲು ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಪ್ರತ್ಯೇಕಿಸಿದ ವೈರಸ್ಸಾದರೋ, ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಬಂಧುವಾಗಿತ್ತು. ಸೈಬೀರಿಯದ ವಲಸೆ ಹಕ್ಕಿಗಳು ಇದನ್ನು ತಂದಿರಬಹುದೆಂಬ ಊಹೆ ಹೊರಟುದು ಹೀಗೆ.

2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 1957ರಿಂದ 2006ರವರೆಗೆ ದೊರೆತ 48 ವೈರಸ್ಸುಗಳನ್ನು ಹೋಲಿಸಲಾಯಿತು. ಕಂಡ ಭೇದ ಶೇಕಡಾ 1.2 ಮಾತ್ರ. ಸೌದಿ ಅರೇಬಿಯದ ಅಲ್‌ಖುರ್ಮಾ ವೈರಸ್ಸು ಇದರ ದಾಯಾದಿ. ಎರಡೂ ಕವಲೊಡೆದು ಸುಮಾರು 33 ವರ್ಷಗಳಾದುವೆಂದು ಆ ವಿದ್ವಾಂಸರ ಲೆಕ್ಕ. 2011ರಲ್ಲಿ ಜೀನುಗಳ ಸಂಪೂರ್ಣ ಸರಣಿಯನ್ನು ಓದಿದ ಬೇರೆ ವಿದ್ವಾಂಸರಿಗೆ ಅದೇ ಕವಲು ಸುಮಾರು 700 ವರ್ಷಗಳಷ್ಟು ಹಳೆಯದಾಗಿ ಕಂಡಿತು. ಒಂದರಂತೆ ಅದು ನಮ್ಮ ತಂದೆಯರ ಕಾಲದ್ದು, ಇನ್ನೊಂದರಂತೆ ಹೊಯ್ಸಳರ ಕೊನೆಗಾಲದ್ದು! ತುಂಡು ಶಾಸನಕ್ಕಿಂತ ಪೂರ್ಣ ಪಾಠವು ಹೆಚ್ಚು ನಂಬಿಕೆಗೆ ಅರ್ಹವೆಂಬ ನಮ್ಮ ಶಾಸ್ತ್ರದ ನಿಯಮವನ್ನು ಇಲ್ಲಿಗೂ ಅನ್ವಯಿಸಬಹುದಾದರೆ, ಎರಡನೆಯದೇ ನಮಗೆ ಗ್ರಾಹ್ಯವೆನಿಸುತ್ತದೆ. ಆಗ 1957 ರೋಗವು ಕಣ್ಣಿಗೆ ಬಿದ್ದ ವರ್ಷವೇ ಹೊರತು ವೈರಸ್ಸು ಹುಟ್ಟಿದ ವರ್ಷವಲ್ಲ.

ಹಾಗಾದರೆ ಆಗಲೇ ಏಕೆ ಕೆರಳಿತು? ಕಾಡನ್ನು ಕಡಿದು ದನಗಳನ್ನು ಮೇಯಲು ಬಿಟ್ಟಲ್ಲಿ ಉಣುಗುಗಳು ಹೆಚ್ಚಿದುವೆಂದು 1969ರಲ್ಲಿ ಬೊಶೆಲ್ ಎಂಬ ವಿಜ್ಞಾನಿ ವಾದಿಸಿದರು. ದನ ಮೇಯಿಸಲು, ಸೌದೆಗೆ, ಕೊಟ್ಟಿಗೆಗೆ ಹಾಸುವ ತರಗೆಲೆಗೆ ಕಾಡಿಗೆ ಹೋಗದೆ ಮಲೆನಾಡಿನ ಬದುಕು ಸಾಗುವಂತಿರಲಿಲ್ಲ. ಈ ವಾದವು ಹಕ್ಕಿಗಳ ಊಹೆಗಿಂತ ನಮಗೆ ಹೆಚ್ಚು ಹಿಡಿಸುತ್ತದೆ.

ಭೇದದ ಅಲ್ಪತೆಗೆ ಇನ್ನೊಂದು ಅರ್ಥವೂ ಉಂಟು. 2005ರಿಂದ 2010ರವರೆಗಿನ ಪರಿಶೀಲನೆಯಲ್ಲಿ ಫಾರ್ಮಲಿನ್ ಲಸಿಕೆಯ ಎರಡು ವರಸೆಗಳು ಕೊಟ್ಟ ರಕ್ಷಣೆ ಶೇಕಡಾ 62.4, ಮರುವರಸೆಯೂ ಸೇರಿದರೆ 82.9, ಒಂದೇ ವರಸೆಯಿಂದ ಪ್ರಯೋಜನವೇ ಕಾಣಲಿಲ್ಲ. ವೈರಸ್ಸು ಮಾರ್ಪಟ್ಟಿತೆಂದು ಹೇಳಿ ಇದನ್ನು ವಿವರಿಸಿಬಿಡುವುದು ಸುಲಭ. ಆದರೆ ಶೇಕಡಾ 1.2ರ ಭೇದವು ಅಷ್ಟು ಭಾರವನ್ನು ಹೊರಲಾರದು. ಲಸಿಕೆಯ ಬಲವನ್ನೂ, ಹಳ್ಳಿಗಳಲ್ಲಿ ಅದನ್ನು ಎಷ್ಟು ಜನ ಪೂರ್ತಿಯಾಗಿ ಪಡೆದರೆಂಬುದನ್ನೂ ಕೇಳಲೇಬೇಕು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗವು ಮತ್ತೆ ಜೀವಗಳನ್ನು ಬಲಿತೆಗೆದುಕೊಂಡಾಗ ಬಳಕೆಯಲ್ಲಿದ್ದುದು ಅದೇ ಲಸಿಕೆ; 2022ರಲ್ಲಿ ಅದನ್ನು ನಿಲ್ಲಿಸಲಾಯಿತು.