ಮಲಸಮುದ್ರದ ಕ್ರೈಸ್ತಸಭೆಯೂ ಕಾಲಜ್ಞಾನವೂ

ಯಾದಗಿರಿ, ಶಹಾಪುರ, ಸುರಪುರಗಳ ಸೀಮೆಯಲ್ಲಿ ಪ್ರಾಟೆಸ್ಟೆಂಟ್ ಕ್ರೈಸ್ತಸಭೆಗಳು ಬೇರೂರಿದುದು ರೈಲುಮಾರ್ಗ ಬಂದ ಬಳಿಕ. ಮುಂಬಯಿ ಮತ್ತು ಮದರಾಸಿನ ಮಾರ್ಗಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಆ ಮಾರ್ಗದ ಮೇಲಣ ಯಾದಗಿರಿಯು ಮುಂದೆ ಅಮೆರಿಕದ ಮೆಥೊಡಿಸ್ಟ್ ಮಿಶನ್ನಿನ ಕೇಂದ್ರಗಳಲ್ಲೊಂದಾಯಿತು. ಅಲ್ಲಿಯ ಹೋಲ್ಸ್ಟನ್ ಆಸ್ಪತ್ರೆ ಆ ಮಿಶನ್ನಿನದೇ. ಆದರೆ ಕನ್ನಡ ನಾಡಿನ ಹಳ್ಳಿಗಳಲ್ಲಿ ಕ್ರೈಸ್ತಸಭೆ ಕಟ್ಟುವ ಮೊದಮೊದಲ ಯತ್ನಗಳಲ್ಲೊಂದು ಈ ಸೀಮೆಗೆ ಚಿರಪರಿಚಿತವಾದ ಒಂದು ವಾಙ್ಮಯದೊಡನೆ ಹೆಣೆದುಕೊಂಡಿತ್ತೆಂಬ ಸಂಗತಿಯು ಸಾಹಿತ್ಯಾಭ್ಯಾಸಿಗಳ ಗಮನಕ್ಕೆ ಸಾಕಷ್ಟು ಬಂದಂತಿಲ್ಲ.

ಆ ವಾಙ್ಮಯವೇ ಕಾಲಜ್ಞಾನ. ಸುರಪುರ ಸಂಸ್ಥಾನದ ನೆಲವಾಗಿದ್ದು ಈಗ ಹುಣಸಗಿ ತಾಲ್ಲೂಕಿಗೆ ಸೇರಿರುವ ಕೊಡೇಕಲ್ಲಿನಲ್ಲಿ 16ನೆಯ ಶತಮಾನದ ಬಸವಣ್ಣನ ಪರಂಪರೆ ಇಂದಿಗೂ ನಡೆದುಬಂದಿದೆ. ಅವನ ನುಡಿಗಳನ್ನು ಭಕ್ತರು ಭವಿಷ್ಯವಾಣಿಯೆಂದೇ ಗ್ರಹಿಸುತ್ತಾರೆ. ಕೊಡೇಕಲ್ಲಿನ ಹೊರಗೂ ಈ ಬಗೆಯ ಗ್ರಂಥಗಳು ವೀರಶೈವರಲ್ಲಿ ವಿಪುಲವಾಗಿದ್ದವು. ವೀರವಸಂತರಾಯನು ಬರುವನು, ಹಾಳಾದ ಕಲ್ಯಾಣವು ಮರಳಿ ಕಳೆಯೇರುವುದು, ಪರರ ಆಳಿಕೆ ಅಳಿಯುವುದು ಎಂಬುದು ಅವುಗಳ ಮೂಲಾಶಯ. 1584ರಲ್ಲಿ ವಿರೂಪಾಕ್ಷಪಂಡಿತನು ಬರೆದ ಚೆನ್ನಬಸವಪುರಾಣದಲ್ಲಿಯೂ ಈ ಆಶಯಕ್ಕೆ ಎಡೆಯುಂಟು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲಸಿದರು. ಅನತಿಕಾಲದಲ್ಲಿಯೇ ಕಾಲಜ್ಞಾನವನ್ನು ನಂಬಿದ ಮತದ ಕೆಲವು ಮುಖಂಡರು ಅವರನ್ನು ಕಂಡು, ಪಡುವಣಿಂದ ಪರದೇಶದ ಗುರುಗಳು ಬಂದು ಸತ್ಯವನ್ನು ತಿಳಿಸುವರೆಂದು ತಮ್ಮ ಗ್ರಂಥಗಳಲ್ಲಿದೆಯೆಂದೂ, ಆ ಗುರುಗಳು ಇವರೇ ಎಂದೂ ಹೇಳಿದರು. ಸಾವಿರಗಟ್ಟಲೆ ಜನ ಒಮ್ಮೆಗೇ ಸಭೆಗೆ ಸೇರುವರೆಂದು ಮಿಶನ್ನಿನವರು ಹಿಗ್ಗಿದರು. ಆದುದರಿಂದಲೇ 1841ರಲ್ಲಿ ಗದುಗಿನ ಬಳಿಯ ಮಲಸಮುದ್ರದಲ್ಲಿ ಭೂಮಿಯನ್ನು ಪಡೆದು ಕ್ರೈಸ್ತ ಒಕ್ಕಲಿಗರ ನೆಲೆಯೊಂದನ್ನು ಸ್ಥಾಪಿಸಿದರು. ಹೊಲವಾಯಿತು, ಮನೆಯಾಯಿತು, ಜನ ಮಾತ್ರ ಬರಲಿಲ್ಲ. ಬಂದವರು ಬೆರಳೆಣಿಕೆಯವರು. ನೆಲೆಯು ಬಹುಕಾಲ ಬಾಳದೆ ಹೋಯಿತು.

ಕನ್ನಡ ಪ್ರಾಟೆಸ್ಟೆಂಟರ ಬಳಕೆಯಲ್ಲಿ ಸಭೆಯೆಂದರೆ ಜನಸಮುದಾಯ, ದೇವಾಲಯವೆಂದರೆ ಕಟ್ಟಡ. ಇಂಗ್ಲಿಷಿನ ಒಂದೇ ಶಬ್ದಕ್ಕೆ ಕನ್ನಡವು ಎರಡನ್ನಿಟ್ಟು ಉಪಕಾರ ಮಾಡಿದೆ. ಮಲಸಮುದ್ರದಲ್ಲಿ ಕ್ರಮವು ತಲೆಕೆಳಗಾಯಿತು: ಸಭೆ ಹುಟ್ಟುವ ಮುನ್ನವೇ ಅದಕ್ಕೆ ಸ್ಥಾನವು ಸಿದ್ಧವಾಗಿತ್ತು.

ಈ ವೈಫಲ್ಯಕ್ಕೆ ಸಾಮಾನ್ಯವಾಗಿ ಹೇಳುವ ಕಾರಣವು ಆ ಜನರ ಲೋಭ: ಅವರು ಬಯಸಿದುದು ಭೂಮಿಯನ್ನು, ಸಾಲದಿಂದ ಬಿಡುಗಡೆಯನ್ನು, ಧರ್ಮವನ್ನಲ್ಲ ಎಂಬುದು. ಇದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಕಾಲಜ್ಞಾನವನ್ನು ಓದಿದವರು ಇಷ್ಟಕ್ಕೇ ತೃಪ್ತರಾಗಲಾರರು. ಆ ಗ್ರಂಥಗಳಲ್ಲಿ ಧರ್ಮೋದ್ಧಾರವೂ ರಾಜ್ಯೋದ್ಧಾರವೂ ಬೇರೆಬೇರೆಯಲ್ಲ. ಬರುವ ಪುರುಷನು ಶಿವಾಚಾರವನ್ನು ನಿಲ್ಲಿಸುವುದರೊಡನೆ ಪ್ರಜೆಯ ಭಾರವನ್ನೂ ಇಳಿಸತಕ್ಕವನು. ಅಂಥವನನ್ನು ಕಾಯುತ್ತಿದ್ದ ರೈತನು ಹೊಲವನ್ನು ಕೇಳಿದರೆ ಅದು ಕಪಟವಲ್ಲ, ಭವಿಷ್ಯವಾಣಿಯ ಮುಂದಿನ ಪಾದವನ್ನು ಕೇಳಿದಂತೆ. ಮಿಶನ್ನಿನವರೋ ಅವನಿಗೆ ಊರು ಬಿಟ್ಟು ಬಂದು ದುಡಿದು ಬದುಕೆಂದರು. ಗುರುವು ಭಕ್ತನ ಮನೆಗೆ ಬಿಜಯಮಾಡುವುದನ್ನು ಕಂಡ ಜನಕ್ಕೆ ಭಕ್ತನೇ ಮನೆ ಕಿತ್ತುಕೊಂಡು ಗುರುವಿನ ಹೊಲಕ್ಕೆ ಹೋಗುವುದು ವಿಪರೀತವಾಗಿ ಕಂಡಿದ್ದರೆ ಆಶ್ಚರ್ಯವೇನು? ಶಬ್ದಗಳೂ ತೊಡಕನ್ನು ಹೆಚ್ಚಿಸುವಂಥವು. ಗುರು, ದೀಕ್ಷೆ, ಪ್ರಸಾದ ಎಂಬವು ವೀರಶೈವನಿಗೆ ಶಾಸ್ತ್ರನಿಯತವಾದ ಅರ್ಥವುಳ್ಳವು. ಅದೇ ಶಬ್ದಗಳನ್ನು ಪರದೇಶದವನು ನುಡಿದಾಗ ಇಬ್ಬರೂ ತಲೆದೂಗಿದರೂ ಅರ್ಥವು ಒಂದೇ ಆಗಿರದು. ಮಿಶನ್ನಿನವರು ಆ ಓಲೆಗಳನ್ನು ಆಹ್ವಾನಪತ್ರವೆಂದು ಓದಿದರು. ಅವು ಆಹ್ವಾನವಲ್ಲ, ಪರೀಕ್ಷೆ.

ಇದಕ್ಕೆ ಪ್ರತಿಯಾಗಿ, ಅದೇ 1841ರಲ್ಲಿ ಕೆಲಸ ಮೊದಲಾದ ಬೆಟಗೇರಿಯಲ್ಲಿ ಸಭೆ ಉಳಿಯಿತು. ಬೆಟಗೇರಿ ನೇಕಾರರ ಊರು. ಅಲ್ಲಿ ಭವಿಷ್ಯವಾಣಿಯ ನೆರವಿರಲಿಲ್ಲ. ಇದ್ದುದು ಶಾಲೆ, ಬೀದಿಬೀದಿಯ ಬೋಧನೆ, ಮುಂದೆ ಆಸ್ಪತ್ರೆ. ಗದಗ-ಬೆಟಗೇರಿಯ ಜನ ಅದನ್ನು ಜರ್ಮನ್ ಆಸ್ಪತ್ರೆಯೆಂದೇ ಕರೆದರು.

ಬಾಸೆಲ್ ಮಿಶನ್ನಿನವರು ಮುಂದೆ ಮಾಡಿದ ಸಾಹಿತ್ಯಕಾರ್ಯವನ್ನು ಈ ಪ್ರಸಂಗದ ಬೆಳಕಿನಲ್ಲಿಯೂ ನೋಡತಕ್ಕದ್ದಿದೆ. ಹೆರ್ಮನ್ ಮೋಗ್ಲಿಂಗನು 1848ರಿಂದ 1853ರ ವರೆಗೆ ಕಲ್ಲಚ್ಚಿನಲ್ಲಿ ಹೊರಡಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣಕ್ಕೂ ಚೆನ್ನಬಸವಪುರಾಣಕ್ಕೂ ಸ್ಥಾನ ದೊರೆಯಿತು. 1860ರ ದಶಕದಲ್ಲಿ ವುರ್ತ್ ಎಂಬ ಪಾದ್ರಿಯು ಅವೆರಡರ ಇಂಗ್ಲಿಷ್ ರೂಪವನ್ನು ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಮತಪ್ರಚಾರಕನಿಗೆ ಎದುರಾಳಿಯ ಗ್ರಂಥವನ್ನು ಅರಿಯುವ ಪ್ರಯೋಜನವು ಎಲ್ಲೆಡೆಯೂ ಇದ್ದದ್ದೇ. ಆದರೂ, ಗ್ರಂಥದ ಒಂದು ಮಾತನ್ನು ಮಾತ್ರ ಕೇಳಿ ಹೊಲವನ್ನು ಕೊಂಡವರ ಬಳಿಕ ಗ್ರಂಥವನ್ನು ಆದ್ಯಂತ ಓದಿ ಅಚ್ಚುಹಾಕಿಸಿದವರು ಬಂದರೆಂಬುದು ಗಮನಾರ್ಹ. ಕನ್ನಡಕ್ಕೆ ಉಳಿದ ಲಾಭವು ಈ ಎರಡನೆಯವರಿಂದ. ಬೆಟಗೇರಿಯ ಸಭೆಯು ಇಂದು ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕ ಅಧ್ಯಕ್ಷಪ್ರಾಂತಕ್ಕೆ ಸೇರಿದೆ. ಕೊಡೇಕಲ್ಲಿನ ನುಡಿಗಳನ್ನು ಭಕ್ತರು ಈಗಲೂ ಓದುತ್ತಿದ್ದಾರೆ.