ಪಕ್ಷಿವೀಕ್ಷಣೆಯ ದುರ್ಬೀನು

ಪಕ್ಷಿವೀಕ್ಷಣೆಯ ದುರ್ಬೀನು ಎಂದರೆ ದೂರದಲ್ಲಿರುವ ಹಕ್ಕಿಯನ್ನು ಎರಡು ಕಣ್ಣುಗಳಿಂದ ಏಕಕಾಲದಲ್ಲಿ ಹಿಗ್ಗಿಸಿ ನೋಡಲು ಬಳಸುವ, ಕೈಯಲ್ಲಿ ಹಿಡಿಯಬಹುದಾದ ದೃಗುಪಕರಣ. ಇದನ್ನು ಬೈನಾಕ್ಯುಲರ್ ಎಂದೂ ಕರೆಯುತ್ತಾರೆ. ಸಮಾಂತರವಾಗಿ ಜೋಡಿಸಿದ ಎರಡು ಚಿಕ್ಕ ದೂರದರ್ಶಕಗಳು ಇದರ ಮೂಲ ರಚನೆ. ಇವುಗಳ ಬೆಲೆ ಕೆಲವೇ ಸಾವಿರ ರೂಪಾಯಿಗಳಿಂದ ಆರಂಭವಾಗಿ, ಉನ್ನತ ದರ್ಜೆಯ ಮಾದರಿಗಳಲ್ಲಿ ಲಕ್ಷ ರೂಪಾಯಿಗಳನ್ನು ಮೀರುತ್ತದೆ. ಬೆಲೆ ಹೆಚ್ಚಿದಂತೆ ಬಿಂಬದ ಗುಣಮಟ್ಟ, ದೃಷ್ಟಿಕ್ಷೇತ್ರ ಮತ್ತು ಬಾಳಿಕೆ ಸಾಮಾನ್ಯವಾಗಿ ಹೆಚ್ಚುತ್ತವೆ. ಆದರೆ ನೋಡುವವರ ಕಣ್ಣು, ಕೈ ಮತ್ತು ನೋಡುವ ನೆಲೆಗೆ ಹೊಂದದ ದುರ್ಬೀನು ಎಷ್ಟೇ ದುಬಾರಿಯಾದರೂ ಪೂರ್ಣ ಪ್ರಯೋಜನ ನೀಡುವುದಿಲ್ಲ.

ಇತಿಹಾಸ

ನೆದರ್‌ಲೆಂಡ್ಸ್‌ನ ಕನ್ನಡಕ ತಯಾರಕ ಹ್ಯಾನ್ಸ್ ಲಿಪ್ಪರ್‌ಶೇ 1608ರಲ್ಲಿ ದೂರದರ್ಶಕಕ್ಕೆ ಹಕ್ಕುಪತ್ರ ಕೋರಿದಾಗ, ಎರಡು ಕಣ್ಣುಗಳಿಂದ ನೋಡಬಹುದಾದ ಉಪಕರಣವನ್ನು ಮಾಡಿಕೊಡುವಂತೆ ಅಲ್ಲಿನ ಆಡಳಿತವು ಕೇಳಿತ್ತು. ಹೀಗೆ ದುರ್ಬೀನಿನ ಕಲ್ಪನೆಯು ದೂರದರ್ಶಕದಷ್ಟೇ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ನಾಟಕಶಾಲೆಗಳಲ್ಲಿ ಬಳಸುತ್ತಿದ್ದ ಒಪೆರಾ ಗ್ಲಾಸ್‌ಗಳು ಗೆಲಿಲಿಯೋ ಮಾದರಿಯವು. ಅವುಗಳ ವರ್ಧನೆಯೂ ದೃಷ್ಟಿಕ್ಷೇತ್ರವೂ ಬಹಳ ಕಡಿಮೆ.

ಇಟಲಿಯ ಇಗ್ನಾಜಿಯೋ ಪೊರ್ರೊ 1854ರಲ್ಲಿ ತಲೆಕೆಳಗಾದ ಬಿಂಬವನ್ನು ನೇರಗೊಳಿಸುವ ಪಟ್ಟಕ ವ್ಯವಸ್ಥೆಗೆ ಹಕ್ಕುಪತ್ರ ಪಡೆದನು. ಅಂದಿನ ಗಾಜಿನ ಗುಣಮಟ್ಟ ಸಾಲದ ಕಾರಣ ಅದು ಕೂಡಲೇ ಫಲ ನೀಡಲಿಲ್ಲ. ಜರ್ಮನಿಯ ಯೇನಾ ನಗರದಲ್ಲಿ ಅರ್ನ್ಸ್ಟ್ ಅಬೆ ಇದೇ ತತ್ತ್ವವನ್ನು ಬೆಳೆಸಿದ ಬಳಿಕ, 1894ರಲ್ಲಿ ಕಾರ್ಲ್ ಝೈಸ್ ಸಂಸ್ಥೆಯು ಪಟ್ಟಕ ದುರ್ಬೀನುಗಳನ್ನು ಮಾರುಕಟ್ಟೆಗೆ ತಂದಿತು.

ಪಕ್ಷಿಶಾಸ್ತ್ರದ ಬೆಳವಣಿಗೆಯಲ್ಲಿ ದುರ್ಬೀನಿಗೆ ವಿಶೇಷ ಸ್ಥಾನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಕ್ಕಿಯನ್ನು ಗುರುತಿಸಲು ಅದನ್ನು ಕೊಂದು ಕೈಗೆ ತೆಗೆದುಕೊಳ್ಳುವುದೇ ವಾಡಿಕೆಯಾಗಿತ್ತು. ಅಮೆರಿಕದ ಫ್ಲಾರೆನ್ಸ್ ಮೆರಿಯಮ್ 1889ರಲ್ಲಿ ಪ್ರಕಟಿಸಿದ ‘ಬರ್ಡ್ಸ್ ಥ್ರೂ ಆ್ಯನ್ ಒಪೆರಾ ಗ್ಲಾಸ್’ ಎಂಬ ಪುಸ್ತಕವು ಜೀವಂತ ಹಕ್ಕಿಯನ್ನು ಅದರ ನೆಲೆಯಲ್ಲಿಯೇ ನೋಡಿ ಅರಿಯುವ ಕ್ರಮವನ್ನು ಜನಸಾಮಾನ್ಯರಿಗೆ ಪರಿಚಯಿಸಿತು. ಮುಂದಿನ ದಶಕಗಳಲ್ಲಿ ಬಂದೂಕಿನ ಸ್ಥಾನವನ್ನು ದುರ್ಬೀನು ಕ್ರಮೇಣ ಆಕ್ರಮಿಸಿತು.

ಸಂಖ್ಯೆಗಳ ಅರ್ಥ

ಪ್ರತಿಯೊಂದು ದುರ್ಬೀನಿನ ಮೇಲೂ 8×42, 10×42 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ವರ್ಧನೆ. ವರ್ಧನೆ 8 ಆಗಿದ್ದರೆ 80 ಮೀಟರ್ ದೂರದ ಹಕ್ಕಿಯು 10 ಮೀಟರ್ ದೂರದಲ್ಲಿ ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಕಾಣುತ್ತದೆ. ಎರಡನೆಯದು ಹಕ್ಕಿಯ ಕಡೆಗಿರುವ ವಸ್ತುಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಬೆಳಕನ್ನು ಸಂಗ್ರಹಿಸುವ ಶಕ್ತಿಯು ಈ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ಆದುದರಿಂದ 42 ಮಿ.ಮೀ. ಮಸೂರವು 32 ಮಿ.ಮೀ. ಮಸೂರಕ್ಕಿಂತ ಸುಮಾರು 1.7 ಪಟ್ಟು ಹೆಚ್ಚು ಬೆಳಕನ್ನು ಗ್ರಹಿಸುತ್ತದೆ. ಅದರೊಂದಿಗೆ ಉಪಕರಣದ ತೂಕವೂ ಹೆಚ್ಚುತ್ತದೆ.

ನಿರ್ಗಮ ಪಾಪೆ

ದುರ್ಬೀನನ್ನು ತೋಳಿನಷ್ಟು ದೂರದಲ್ಲಿ ಹಿಡಿದು ಆಕಾಶದ ಕಡೆಗೆ ತಿರುಗಿಸಿದರೆ, ಕಣ್ಣಿನ ಕಡೆಗಿರುವ ನೇತ್ರಮಸೂರದಲ್ಲಿ ಚಿಕ್ಕದೊಂದು ಬೆಳಕಿನ ವೃತ್ತವು ಕಾಣುತ್ತದೆ. ಇದೇ ನಿರ್ಗಮ ಪಾಪೆ. ವಸ್ತುಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಇದರ ಅಳತೆ ದೊರೆಯುತ್ತದೆ.

- 8×25: ಸುಮಾರು 3.1 ಮಿ.ಮೀ.
- 8×32: 4 ಮಿ.ಮೀ.
- 10×42: 4.2 ಮಿ.ಮೀ.
- 8×42: 5.25 ಮಿ.ಮೀ.
- 7×42: 6 ಮಿ.ಮೀ.

ಮನುಷ್ಯನ ಕಣ್ಣಿನ ಪಾಪೆಯು ಹಗಲಿನ ಪ್ರಖರ ಬೆಳಕಿನಲ್ಲಿ 2ರಿಂದ 3 ಮಿ.ಮೀ.ಗೆ ಕುಗ್ಗುತ್ತದೆ, ಕತ್ತಲೆಯಲ್ಲಿ ಯುವಜನರಲ್ಲಿ 7 ಮಿ.ಮೀ.ವರೆಗೆ ಹಿಗ್ಗಬಹುದು. ವಯಸ್ಸಾದಂತೆ ಈ ಹಿಗ್ಗುವಿಕೆ ಕಡಿಮೆಯಾಗುತ್ತದೆ. ಆದ್ದರಿಂದ ಬಿಸಿಲಿನಲ್ಲಿ 8×32 ಮತ್ತು 8×42ರ ನಡುವೆ ಪ್ರಕಾಶದ ವ್ಯತ್ಯಾಸವು ತಿಳಿಯುವುದೇ ಇಲ್ಲ. ಮುಂಜಾನೆ, ಮುಸ್ಸಂಜೆ ಅಥವಾ ದಟ್ಟ ಕಾಡಿನ ನೆರಳಿನಲ್ಲಿ ಈ ವ್ಯತ್ಯಾಸವು ಸ್ಪಷ್ಟವಾಗುತ್ತದೆ. ಕಣ್ಣಿನ ಪಾಪೆ ಸಾಕಷ್ಟು ಹಿಗ್ಗಿರುವಾಗ 8×42 ನೀಡುವ ಬಿಂಬವು 10×42 ನೀಡುವ ಬಿಂಬಕ್ಕಿಂತ ಸುಮಾರು ಒಂದೂವರೆ ಪಟ್ಟು ಪ್ರಕಾಶಮಾನವಾಗಿರುತ್ತದೆ. ದೊಡ್ಡ ನಿರ್ಗಮ ಪಾಪೆಯಿಂದ ಇನ್ನೊಂದು ಅನುಕೂಲವೂ ಇದೆ: ಕೈ ಸ್ವಲ್ಪ ಅಲುಗಿದರೂ ಬಿಂಬವು ಕಣ್ಣಿನಿಂದ ಜಾರಿಹೋಗುವುದಿಲ್ಲ.

ದೃಷ್ಟಿಕ್ಷೇತ್ರ ಮತ್ತು ವರ್ಧನೆ

1,000 ಮೀಟರ್ ದೂರದಲ್ಲಿ ಎಷ್ಟು ಮೀಟರ್ ಅಗಲದ ನೋಟವು ಒಮ್ಮೆಗೆ ಕಾಣುತ್ತದೆಯೋ ಅದನ್ನು ದೃಷ್ಟಿಕ್ಷೇತ್ರವೆಂದು ಸೂಚಿಸುತ್ತಾರೆ. ಕೆಲವು ತಯಾರಕರು ಇದನ್ನು ಡಿಗ್ರಿಗಳಲ್ಲಿ ಕೊಡುವುದುಂಟು. ಒಂದು ಡಿಗ್ರಿಯು ಸುಮಾರು 17.5 ಮೀಟರಿಗೆ ಸಮ. 110 ಮೀಟರ್ ದೃಷ್ಟಿಕ್ಷೇತ್ರವಿರುವ ದುರ್ಬೀನಿನಲ್ಲಿ 20 ಮೀಟರ್ ದೂರದ ಮರದ 2.2 ಮೀಟರ್ ಅಗಲ ಮಾತ್ರ ಕಾಣುತ್ತದೆ. 150 ಮೀಟರ್ ಇದ್ದರೆ 3 ಮೀಟರ್ ಕಾಣುತ್ತದೆ. ಎಲೆಯಿಂದ ಎಲೆಗೆ ನೆಗೆಯುವ ಉಲಿಯಕ್ಕಿಯನ್ನು ಹಿಂಬಾಲಿಸುವಾಗ ಈ ಅಂತರವು ನಿರ್ಣಾಯಕ.

ಹೆಚ್ಚು ವರ್ಧನೆಯೇ ಉತ್ತಮವೆಂಬ ಭಾವನೆ ಸಾಮಾನ್ಯವಾಗಿದೆ. ವರ್ಧನೆ ಹೆಚ್ಚಿದಂತೆ ದೃಷ್ಟಿಕ್ಷೇತ್ರ ಕಿರಿದಾಗುತ್ತದೆ, ಒಂದೇ ಮಸೂರದಲ್ಲಿ ನಿರ್ಗಮ ಪಾಪೆ ಕುಗ್ಗುತ್ತದೆ, ಕೈನಡುಕವೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಈ ಕಾರಣದಿಂದ ಪಕ್ಷಿವೀಕ್ಷಕರಲ್ಲಿ 8 ಮತ್ತು 10ರ ವರ್ಧನೆಗಳೇ ಹೆಚ್ಚು ಪ್ರಚಲಿತವಾಗಿವೆ. ಸ್ಥಿರ ವರ್ಧನೆಯ ಬದಲು ಜೂಮ್ ಸೌಲಭ್ಯವಿರುವ ಅಗ್ಗದ ದುರ್ಬೀನುಗಳಲ್ಲಿ ದೃಷ್ಟಿಕ್ಷೇತ್ರವೂ ಸ್ಪಷ್ಟತೆಯೂ ಕಡಿಮೆಯಿರುತ್ತವೆ.

ಪಟ್ಟಕಗಳು, ಲೇಪನಗಳು ಮತ್ತು ಗಾಜು

ವಸ್ತುಮಸೂರವು ಮೂಡಿಸುವ ಬಿಂಬವು ತಲೆಕೆಳಗಾಗಿರುತ್ತದೆ. ಅದನ್ನು ನೇರಗೊಳಿಸುವುದು ಪಟ್ಟಕಗಳ ಕೆಲಸ. ಪೊರ್ರೊ ಪಟ್ಟಕದ ದುರ್ಬೀನುಗಳಲ್ಲಿ ವಸ್ತುಮಸೂರಗಳು ಸಾಮಾನ್ಯವಾಗಿ ನೇತ್ರಮಸೂರಗಳಿಗಿಂತ ಹೊರಗೆ ಸರಿದಿರುತ್ತವೆ. ಇವುಗಳ ತಯಾರಿಕೆ ಸರಳ, ಕಡಿಮೆ ಬೆಲೆಗೆ ಉತ್ತಮ ಬಿಂಬ ದೊರೆಯುತ್ತದೆ. ಮೇಲ್ಛಾವಣಿಯ ಆಕಾರದ ಎರಡು ಮುಖಗಳಿರುವ ರೂಫ್ ಪಟ್ಟಕದ ದುರ್ಬೀನುಗಳು ನೇರ ಕೊಳವೆಯಂತಿದ್ದು, ಹಿಡಿಯಲು ಅನುಕೂಲ, ಜಲನಿರೋಧಕವಾಗಿ ಮಾಡಲು ಸುಲಭ. ಇಂದಿನ ಉನ್ನತ ದರ್ಜೆಯ ಮಾದರಿಗಳಲ್ಲಿ ಬಹುತೇಕ ಎಲ್ಲವೂ ಈ ಬಗೆಯವು.

ರೂಫ್ ಪಟ್ಟಕದ ತಯಾರಿಕೆ ದುಬಾರಿಯಾಗಲು ಕಾರಣಗಳಿವೆ. ಛಾವಣಿಯ ಅಂಚಿನಲ್ಲಿ ಬೆಳಕು ಎರಡಾಗಿ ಒಡೆದು ಮತ್ತೆ ಕೂಡುವಾಗ ಅಲೆಗಳ ಹೊಂದಾಣಿಕೆ ತಪ್ಪಿ ಸೂಕ್ಷ್ಮ ವಿವರಗಳು ಮಸುಕಾಗುತ್ತವೆ. ಇದನ್ನು ಸರಿಪಡಿಸುವ ಹಂತ ಲೇಪನವನ್ನು ಝೈಸ್ 1988ರಲ್ಲಿ ಬಳಕೆಗೆ ತಂದಿತು. ಅಲ್ಲದೆ, ಹೆಚ್ಚು ಬಳಕೆಯಲ್ಲಿರುವ ಶ್ಮಿಟ್–ಪೆಖಾನ್ ಪಟ್ಟಕದ ಒಂದು ಮುಖದಲ್ಲಿ ಪೂರ್ಣ ಆಂತರಿಕ ಪ್ರತಿಫಲನ ನಡೆಯದ ಕಾರಣ ಅಲ್ಲಿ ಕನ್ನಡಿಯ ಲೇಪನ ಬೇಕಾಗುತ್ತದೆ. ಅಗ್ಗದವುಗಳಲ್ಲಿ ಅಲ್ಯೂಮಿನಿಯಂ, ಉತ್ತಮವಾದವುಗಳಲ್ಲಿ ಬೆಳ್ಳಿ, ಉನ್ನತ ದರ್ಜೆಯವುಗಳಲ್ಲಿ ಶೇ. 99ಕ್ಕಿಂತ ಹೆಚ್ಚು ಬೆಳಕನ್ನು ಪ್ರತಿಫಲಿಸುವ ಡೈಎಲೆಕ್ಟ್ರಿಕ್ ಪದರಗಳನ್ನು ಬಳಸುತ್ತಾರೆ.

ಲೇಪನವಿಲ್ಲದ ಗಾಜಿನ ಪ್ರತಿಯೊಂದು ಮೇಲ್ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಬೆಳಕು ಇಂತಹ ಹದಿನಾರು ಮೇಲ್ಮೈಗಳನ್ನು ದಾಟಬೇಕಾದರೆ ಅರ್ಧದಷ್ಟು ಮಾತ್ರ ಕಣ್ಣನ್ನು ತಲುಪುತ್ತದೆ. ಝೈಸ್ ಸಂಸ್ಥೆಯಲ್ಲಿದ್ದ ಅಲೆಕ್ಸಾಂಡರ್ ಸ್ಮಾಕುಲ 1935ರಲ್ಲಿ ರೂಪಿಸಿದ ಪ್ರತಿಫಲನ ನಿರೋಧಕ ಲೇಪನವು ಈ ನಷ್ಟವನ್ನು ತಗ್ಗಿಸಿತು. ಈಗಿನ ಬಹುಪದರ ಲೇಪನಗಳಿಂದ ಉತ್ತಮ ದುರ್ಬೀನುಗಳು ಶೇ. 90ರ ಆಸುಪಾಸಿನಷ್ಟು ಬೆಳಕನ್ನು ದಾಟಿಸುತ್ತವೆ.

ಮಸೂರದ ಗಾಜು ಬೇರೆಬೇರೆ ಬಣ್ಣಗಳನ್ನು ಬೇರೆಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ, ಬೆಳ್ಳನೆಯ ಆಕಾಶದ ಎದುರು ಕುಳಿತ ಕಪ್ಪು ಹಕ್ಕಿಯ ಸುತ್ತ ನೇರಳೆ ಅಥವಾ ಹಸಿರು ಅಂಚು ಕಾಣಬಹುದು. ಇದು ವರ್ಣದೋಷ. ಕೊಕ್ಕಿನ ಬಣ್ಣ, ಕಣ್ಣಿನ ಸುತ್ತಲಿನ ಉಂಗುರ, ರೆಕ್ಕೆಯ ಮೇಲಿನ ತೆಳುಗೆರೆಗಳಂತಹ ವಿವರಗಳಿಂದಲೇ ಪ್ರಭೇದವನ್ನು ನಿರ್ಧರಿಸಬೇಕಾದಾಗ, ಕಂಡ ಬಣ್ಣವು ಹಕ್ಕಿಯದೋ ಉಪಕರಣದ್ದೋ ಎಂಬ ಸಂದೇಹಕ್ಕೆ ಇದು ಎಡೆಮಾಡುತ್ತದೆ. ವರ್ಣವಿಭಜನೆ ಕಡಿಮೆಯಿರುವ ವಿಶೇಷ ಗಾಜುಗಳು ಈ ದೋಷವನ್ನು ಬಹುಮಟ್ಟಿಗೆ ನಿವಾರಿಸುತ್ತವೆ.

ಉನ್ನತ ದರ್ಜೆಯ ಮಾದರಿಗಳು

ಈ ವರ್ಗದಲ್ಲಿ ಜರ್ಮನಿಯ ಝೈಸ್ ಮತ್ತು ಲೈಕಾ, ಆಸ್ಟ್ರಿಯಾದ ಸ್ವರೋವ್‌ಸ್ಕಿ ಆಪ್ಟಿಕ್ ಪ್ರಮುಖ ಹೆಸರುಗಳು. ಲೈಕಾದ ಪೂರ್ವರೂಪವಾದ ಲೈಟ್ಸ್ ಸಂಸ್ಥೆ 1907ರಿಂದ ದುರ್ಬೀನು ತಯಾರಿಸತೊಡಗಿತು. ಸ್ವರೋವ್‌ಸ್ಕಿ ಆಪ್ಟಿಕ್ 1949ರಲ್ಲಿ ಟಿರೋಲ್ ಪ್ರಾಂತದ ಆಬ್ಸಾಮ್‌ನಲ್ಲಿ ಸ್ಥಾಪನೆಯಾಯಿತು. 2020ರಲ್ಲಿ ಬಂದ ಇದರ ಎನ್‌ಎಲ್ ಪ್ಯೂರ್ 8×42 ಮಾದರಿಯ ದೃಷ್ಟಿಕ್ಷೇತ್ರ 159 ಮೀಟರ್. ಝೈಸ್ ವಿಕ್ಟರಿ ಎಸ್‌ಎಫ್ 8×42ರದು 148 ಮೀಟರ್, ಲೈಕಾ ನೋಕ್ಟಿವಿಡ್ 8×42ರದು 135 ಮೀಟರ್. ಮೂರೂ ಸುಮಾರು 800 ಗ್ರಾಂ ಆಸುಪಾಸಿನ ತೂಕದವು. ಜಪಾನಿನ ನಿಕಾನ್ ಮತ್ತು ಕೋವಾ ಸಂಸ್ಥೆಗಳೂ ಉತ್ತಮ ದುರ್ಬೀನುಗಳಿಗೆ ಹೆಸರಾಗಿವೆ. ಕೈನಡುಕವನ್ನು ತಡೆಯುವ ವಿದ್ಯುನ್ಮಾನ ವ್ಯವಸ್ಥೆಯುಳ್ಳ ಮಾದರಿಗಳನ್ನು ಕ್ಯಾನನ್ ಸಂಸ್ಥೆ 1990ರ ದಶಕದಿಂದ ತಯಾರಿಸುತ್ತಿದೆ.

ಬೆಲೆ ಮತ್ತು ಗುಣಮಟ್ಟ ಒಂದೇ ಪ್ರಮಾಣದಲ್ಲಿ ಏರುವುದಿಲ್ಲ. ಅತ್ಯಂತ ಅಗ್ಗದ ದುರ್ಬೀನಿನಿಂದ ಮಧ್ಯಮ ಬೆಲೆಯದಕ್ಕೆ ಹೋದಾಗ ದೊರೆಯುವ ಸುಧಾರಣೆ ದೊಡ್ಡದು. ಅಲ್ಲಿಂದ ಉನ್ನತ ದರ್ಜೆಗೆ ಏರುವಾಗ ಬೆಲೆ ಹಲವು ಪಟ್ಟಾಗುತ್ತದೆ, ಬಿಂಬದ ನಡುಭಾಗದಲ್ಲಿನ ಸುಧಾರಣೆ ಮಾತ್ರ ಸ್ವಲ್ಪವೇ. ಹೆಚ್ಚಿನ ಹಣಕ್ಕೆ ದೊರೆಯುವುದು ಅಂಚಿನವರೆಗಿನ ಸ್ಪಷ್ಟತೆ, ಅಗಲವಾದ ದೃಷ್ಟಿಕ್ಷೇತ್ರ, ಮಂದ ಬೆಳಕಿನಲ್ಲಿ ಉಳಿಯುವ ಬಣ್ಣದ ನಿಖರತೆ, ಗಂಟೆಗಟ್ಟಲೆ ನೋಡಿದರೂ ದಣಿಯದ ಕಣ್ಣು ಮತ್ತು ದಶಕಗಳ ಬಾಳಿಕೆ. ವಾರಕ್ಕೆ ಹಲವು ದಿನ ಕಾಡಿನಲ್ಲಿ ಕಳೆಯುವವರಿಗೆ ಇವು ಅಮೂಲ್ಯ. ಆಗೊಮ್ಮೆ ಈಗೊಮ್ಮೆ ಕೆರೆಯ ದಂಡೆಗೆ ಹೋಗುವ ವಿದ್ಯಾರ್ಥಿಗೆ ಮಧ್ಯಮ ಬೆಲೆಯ 8×32 ಅಥವಾ 8×42 ಸಾಕಾಗುತ್ತದೆ.

ನೋಡುವವರಿಗೆ ತಕ್ಕ ಆಯ್ಕೆ

ನೇತ್ರಾಂತರ: ಬಿಂಬವು ಪೂರ್ಣವಾಗಿ ಕಾಣಲು ಕಣ್ಣು ನೇತ್ರಮಸೂರದಿಂದ ಇರಬೇಕಾದ ದೂರವೇ ನೇತ್ರಾಂತರ. ಕನ್ನಡಕ ಧರಿಸಿ ನೋಡುವವರಿಗೆ ಇದು ಕನಿಷ್ಠ 16 ಮಿ.ಮೀ. ಇರುವುದು ಒಳ್ಳೆಯದು. ಸಮೀಪದೃಷ್ಟಿ ಅಥವಾ ದೂರದೃಷ್ಟಿ ಮಾತ್ರವಿದ್ದರೆ ಕನ್ನಡಕ ತೆಗೆದು, ಫೋಕಸ್ ಚಕ್ರದಿಂದಲೇ ಹೆಚ್ಚಾಗಿ ಸರಿಪಡಿಸಿಕೊಳ್ಳಬಹುದು. ಅಸಮದೃಷ್ಟಿ ಇರುವವರು ಕನ್ನಡಕ ಧರಿಸಿಯೇ ನೋಡಬೇಕು.

ಪಾಪೆಗಳ ನಡುವಣ ಅಂತರ: ಎರಡು ಕಣ್ಣುಗಳ ನಡುವಿನ ಅಂತರವು ಎಲ್ಲರಲ್ಲೂ ಒಂದೇ ಅಲ್ಲ. ಮಕ್ಕಳಿಗೂ ಕಿರಿದಾದ ಮುಖದವರಿಗೂ ಕೆಲವು ದೊಡ್ಡ ದುರ್ಬೀನುಗಳು ಸಾಕಷ್ಟು ಹತ್ತಿರಕ್ಕೆ ಮಡಚಿಕೊಳ್ಳುವುದಿಲ್ಲ.

ತೂಕ: ಕೈಯ ಶಕ್ತಿ ಮೀರಿದ ಭಾರವು ಬಿಂಬವನ್ನು ನಡುಗಿಸುತ್ತದೆ. ಕೊರಳಿನ ನೋವು ಇರುವವರು ಭಾರವನ್ನು ಎರಡು ಹೆಗಲಿಗೂ ಹಂಚುವ ಪಟ್ಟಿಯನ್ನು ಬಳಸಬಹುದು.

ನೆಲೆಗೆ ತಕ್ಕ ಆಯ್ಕೆ

ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನಲ್ಲಿ ಹಕ್ಕಿಗಳು ಸಮೀಪದಲ್ಲಿದ್ದರೂ ಬೆಳಕು ಕಡಿಮೆ. ಎತ್ತರದ ಮರದ ನೆರಳಿನಲ್ಲಿ ಅಲುಗದೆ ಕೂರುವ ಮಲಬಾರ್ ಟ್ರೋಗನ್‌ನಂತಹ ಹಕ್ಕಿಗೆ 8×42 ಅಥವಾ 7×42 ಸೂಕ್ತ. ಅಘನಾಶಿನಿ ಅಳಿವೆಯ ಕೆಸರುಬಯಲಿನ ಗೊರವಗಳು, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ದೂರದಿಂದಲೇ ಕಾಣುವಂಥವು. ಅಲ್ಲಿ 10×42 ಉಪಯುಕ್ತ, ಇನ್ನೂ ದೂರದವಕ್ಕೆ ಮುಕ್ಕಾಲಿಯ ಮೇಲಿನ ದೂರದರ್ಶಕ ಬೇಕು. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ದೋಣಿಯಿಂದ ನೋಡುವಾಗ ಹಕ್ಕಿಗಳು ಹತ್ತಿರವಿರುತ್ತವೆ, ದೋಣಿ ಅಲುಗುತ್ತದೆ. ಆದ್ದರಿಂದ ಕಡಿಮೆ ವರ್ಧನೆಯೇ ಮೇಲು. ಚಿಟ್ಟೆಗಳನ್ನೂ ನೋಡಬಯಸುವವರು 2 ಮೀಟರಿಗಿಂತ ಕಡಿಮೆ ದೂರಕ್ಕೆ ಫೋಕಸ್ ಆಗುವ ಮಾದರಿಯನ್ನು ಆರಿಸಬಹುದು.

ಕೊಳ್ಳುವ ಮುನ್ನ ಪರೀಕ್ಷೆ

1. ಎಡಗಣ್ಣಿನಿಂದ ಮಾತ್ರ ನೋಡುತ್ತ ನಡುವಿನ ಚಕ್ರದಿಂದ ಬಿಂಬವನ್ನು ಸ್ಪಷ್ಟಗೊಳಿಸಬೇಕು. ಅನಂತರ ಚಕ್ರವನ್ನು ಮುಟ್ಟದೆ, ಬಲಗಣ್ಣಿನಿಂದ ಅದೇ ವಸ್ತುವನ್ನು ನೋಡಿ ಡಯಾಪ್ಟರ್ ಉಂಗುರವನ್ನು ತಿರುಗಿಸಬೇಕು. ಈ ಹೊಂದಾಣಿಕೆಯ ಬಳಿಕವೇ ಹೋಲಿಕೆಗೆ ಅರ್ಥವಿದೆ.
2. ನಿರ್ಗಮ ಪಾಪೆಯು ಪೂರ್ಣ ವೃತ್ತಾಕಾರವಾಗಿರಬೇಕು. ಅಂಚು ಕತ್ತರಿಸಿದಂತಿದ್ದರೆ ಪಟ್ಟಕವು ಚಿಕ್ಕದಾಗಿದೆ ಎಂದರ್ಥ.
3. ಆಕಾಶದ ಎದುರಿನ ಕೊಂಬೆಯನ್ನು ನೋಡಿ ಬಣ್ಣದ ಅಂಚುಗಳನ್ನು ಗಮನಿಸಬೇಕು.
4. ಕೆಲವು ನಿಮಿಷ ನೋಡಿದ ಮೇಲೆ ಕಣ್ಣು ಎಳೆದಂತಾದರೆ ಅಥವಾ ಬಿಂಬ ಎರಡಾಗಿ ಕಂಡರೆ ಎರಡು ಕೊಳವೆಗಳ ಸಮಾಂತರತೆ ತಪ್ಪಿರಬಹುದು. ಅಂತಹುದನ್ನು ಕೊಳ್ಳಬಾರದು.
5. ಸಾಧ್ಯವಾದರೆ ಅಂಗಡಿಯ ದೀಪದ ಬೆಳಕಿಗಿಂತ ಹೊರಗೆ, ಸಂಜೆಯ ಹೊತ್ತಿನಲ್ಲಿ ನೋಡುವುದು ಲೇಸು.

ಆರೈಕೆ

ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಮಸೂರಗಳಿಗೆ ಬೂಷ್ಟು ಹಿಡಿಯುವ ಅಪಾಯವಿದೆ. ಮುದ್ರೆಗಟ್ಟಿ ಒಳಗೆ ನೈಟ್ರೋಜನ್ ಅಥವಾ ಆರ್ಗಾನ್ ಅನಿಲ ತುಂಬಿದ ದುರ್ಬೀನುಗಳಲ್ಲಿ ಒಳಭಾಗಕ್ಕೆ ಮಂಜು ಮುಸುಕುವುದು ತಪ್ಪುತ್ತದೆ. ಒದ್ದೆಯಾದ ದುರ್ಬೀನನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ ಒಣಗಿಸಿ, ಸಿಲಿಕಾ ಜೆಲ್ ಇರುವ ಬಿಗಿಯಾದ ಡಬ್ಬಿಯಲ್ಲಿ ಇಡಬೇಕು. ಧೂಳನ್ನು ಮೊದಲು ಊದಿ, ಮೃದುವಾದ ಕುಂಚದಿಂದ ತೆಗೆದ ಬಳಿಕವೇ ಬಟ್ಟೆಯಿಂದ ಒರೆಸಬೇಕು; ಇಲ್ಲವಾದರೆ ಮರಳಿನ ಕಣಗಳು ಲೇಪನವನ್ನು ಗೀರುತ್ತವೆ. ದುರ್ಬೀನಿನಿಂದ ಸೂರ್ಯನನ್ನು ಎಂದಿಗೂ ನೋಡಬಾರದು. ಕಣ್ಣಿಗೆ ಶಾಶ್ವತ ಹಾನಿಯಾಗಬಹುದು.

ಹಕ್ಕಿಗಳ ಹಿತ

ಗೂಡಿನ ಸಮೀಪಕ್ಕೆ ಹೋದಾಗ ತಾಯಿಹಕ್ಕಿ ಹಾರಿಹೋಗಿ ಮೊಟ್ಟೆ ಮರಿಗಳು ಬಿಸಿಲಿಗೂ ಬೇಟೆಗಾರ ಪ್ರಾಣಿಗಳಿಗೂ ಒಡ್ಡಿಕೊಳ್ಳುತ್ತವೆ. ದೂರದಲ್ಲಿ ನಿಂತೇ ಗೂಡಿನ ಚಟುವಟಿಕೆಯನ್ನು ತಿಳಿಯಲು ದುರ್ಬೀನು ಅವಕಾಶ ನೀಡುತ್ತದೆ. ಹಕ್ಕಿಯು ತನ್ನ ಕೆಲಸವನ್ನು ನಿಲ್ಲಿಸಿ ವೀಕ್ಷಕನನ್ನೇ ಗಮನಿಸತೊಡಗಿದರೆ ಅಂತರವು ಸಾಲದೆಂದು ತಿಳಿದು ಹಿಂದೆ ಸರಿಯುವುದು ಪಕ್ಷಿವೀಕ್ಷಣೆಯ ಅಂಗೀಕೃತ ನಿಯಮ.